ಮಾತಿನ ಗುಳ್ಳೆಯೊಳಗಿನ ಚಿಹ್ನೆಗಳಿಗೂ ಒಂದು ಕ್ರಮ ಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಮಕ್ಕಳ ಪುರವಣಿಯಲ್ಲಿ ಕೆಲವು ತಿಂಗಳಿಂದ ಬರುತ್ತಿರುವ ಅನುವಾದಿತ ಕಾಮಿಕ್ಸ್ ಧಾರಾವಾಹಿಗೆ ನಮ್ಮ ಕಡೆಯ ಮಕ್ಕಳು ಶನಿವಾರ ರಾತ್ರಿಯಿಂದಲೇ ಕಾಯುತ್ತಾರೆ ಎಂಬುದನ್ನು ಮೊದಲು ಹೇಳಿ, ಆಮೇಲೆ ಆಕ್ಷೇಪ ಎತ್ತುವುದು ನ್ಯಾಯ. ಚಿತ್ರಗಳು ಸೊಗಸಾಗಿವೆ, ಕಥೆಗೆ ಓಟವಿದೆ, ಅನುವಾದಕರ ಪದಸಂಪತ್ತಿನ ಬಗ್ಗೆಯೂ ನನ್ನ ತಕರಾರಿಲ್ಲ. ತಕರಾರು ಇರುವುದು ಪಾತ್ರಗಳ ಮಾತಿಗೆ ಹಾಕುವ ವಿರಾಮಚಿಹ್ನೆಗಳ ಬಗ್ಗೆ. ಅವು ಒಂದೋ ಇಂಗ್ಲಿಷ್ ಮೂಲದಿಂದ ಹಾಗೆಯೇ ಎತ್ತಿಕೊಂಡವು, ಇಲ್ಲವೇ ಪುಟ ಕಟ್ಟುವವರ ಕೈಗೆ ಬಂದಂತೆ ಉದುರಿದವು. ಎರಡೂ ಕಡೆ ಕನ್ನಡದ ಮಾತು ಹೇಗೆ ಏರಿಳಿಯುತ್ತದೆ ಎಂಬ ಯೋಚನೆ ಕಾಣುವುದಿಲ್ಲ. ಮಕ್ಕಳ ಪುಟದಲ್ಲಿ ಇಷ್ಟು ಸಣ್ಣ ವಿಷಯ ಯಾಕೆ ಎಂದು ಕೆಲವರು ಕೇಳಬಹುದು. ಮಕ್ಕಳು ಗಟ್ಟಿಯಾಗಿ ಓದುತ್ತಾರೆ ಎನ್ನುವುದೇ ನನ್ನ ಕಾರಣ.

ನಿವೃತ್ತಿಯ ನಂತರ ನಾನು ಮನೆಯ ಜಗಲಿಯಲ್ಲಿ ನೆರೆಕರೆಯ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತೇನೆ. ಕಾಮಿಕ್ಸ್ ಬಂದ ದಿನ ಪಾತ್ರ ಹಂಚಿಕೊಂಡು ಓದುವುದು ಅವರೇ ಮಾಡಿಕೊಂಡ ಪದ್ಧತಿ. ಇತ್ತೀಚಿನ ಒಂದು ಕಂತಿನಲ್ಲಿ ದೀಪಸ್ತಂಭದ ಮುದುಕ ಕಾವಲುಗಾರನು ಕತ್ತಲಲ್ಲಿ ಅಡಗಿರುವ ಹುಡುಗನ ಹೆಗಲ ಮೇಲೆ ಕೈಯಿಟ್ಟು, ಮೆಟ್ಟಿಲ ಕೆಳಗಿನ ಕಳ್ಳರಿಗೆ ಕೇಳದಂತೆ ಪಿಸುಗುಟ್ಟುವ ಚೌಕಟ್ಟು ಇತ್ತು. ಕಲಾವಿದನು ಆ ಮಾತನ್ನು ಸುತ್ತುವರಿದ ಗುಳ್ಳೆಯ ಅಂಚನ್ನು ತುಂಡು ತುಂಡು ಗೆರೆಯಿಂದ ಬರೆದಿದ್ದ. ಕಾಮಿಕ್ಸ್ ಓದಿ ರೂಢಿಯಿರುವವರಿಗೆ ಅದು ಪಿಸುಮಾತಿನ ಗುರುತು. ಅದರೊಳಗೆ ತಮ್ಮಲ್ಲಿ ಅಚ್ಚಾದದ್ದು: "ಭಯ ಪಡಬೇಡ ಮಗು!!!" ಮುದುಕನ ಪಾತ್ರ ವಹಿಸಿದ್ದ ಐದನೆಯ ತರಗತಿಯ ಹುಡುಗಿ ಮೂರು ಆಶ್ಚರ್ಯಸೂಚಕಗಳಿಗೆ ನ್ಯಾಯ ಸಲ್ಲಿಸಲು ಕಿರುಚಿಯೇ ಓದಿದಳು. "ಕಳ್ಳರಿಗೆ ಕೇಳ್ತದೆ ಮಾರಾಯ್ತಿ" ಎಂದು ಪಕ್ಕದವನು ಅಂದಾಗ ಎಲ್ಲರೂ ನಕ್ಕರು. ಹುಡುಗಿ ತಪ್ಪು ಓದಿರಲಿಲ್ಲ. ಅಂಚು ಒಂದು ಹೇಳುತ್ತಿತ್ತು, ಚಿಹ್ನೆ ಇನ್ನೊಂದು ಹೇಳುತ್ತಿತ್ತು. ಅವಳು ಶಾಲೆಯಲ್ಲಿ ಕಲಿತದ್ದನ್ನು ನಂಬಿದಳು.

ಇಂಗ್ಲಿಷ್ ಕಾಮಿಕ್ಸಿನಲ್ಲಿ ವಾಕ್ಯ ವಾಕ್ಯಕ್ಕೂ ಆಶ್ಚರ್ಯಸೂಚಕ ಬರುವುದಕ್ಕೆ ಅದರದೇ ಚರಿತ್ರೆಯಿದೆ. ಅಮೆರಿಕದ ಹಳೆಯ ಕಾಮಿಕ್ಸ್ ಪುಸ್ತಕಗಳು ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದ ಮೇಲೆ ಅಚ್ಚಾಗುತ್ತಿದ್ದವು; ಒಂಟಿ ಚುಕ್ಕಿ ಅಚ್ಚಿನಲ್ಲಿ ಮೂಡದೆ ಹೋಗುವ ಭಯವಿತ್ತು, ಆದ್ದರಿಂದ ಪೂರ್ಣವಿರಾಮದ ಬದಲು ಉದ್ದ ಗೆರೆಯಿರುವ ಚಿಹ್ನೆಯನ್ನೇ ಹಾಕುವ ರೂಢಿ ಬಂತು ಎಂದು ಆ ಕಸುಬಿನವರು ಹೇಳುತ್ತಾರೆ. ಮೇಲಾಗಿ ಅಲ್ಲಿ ಸಂಭಾಷಣೆಯನ್ನು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆಯುವ ಸಂಪ್ರದಾಯವಿದ್ದುದರಿಂದ, ಒತ್ತು ಬೀಳುವ ಪದವನ್ನು ದಪ್ಪ ಓರೆ ಅಕ್ಷರದಲ್ಲಿ ತೋರಿಸಬೇಕಾಯಿತು. ಇವೆಲ್ಲ ಆ ಲಿಪಿಗೆ, ಆ ಕಾಗದಕ್ಕೆ, ಆ ಕಾಲಕ್ಕೆ ಹುಟ್ಟಿದ ಉಪಾಯಗಳು. ಜಪಾನಿನ ಕಾಮಿಕ್ಸಿನಲ್ಲಿ ಹೆಚ್ಚಿನ ಪ್ರಕಾಶಕರು ಗುಳ್ಳೆಯೊಳಗೆ ಪೂರ್ಣವಿರಾಮವನ್ನು ಹಾಕುವುದೇ ಇಲ್ಲ. ಸ್ಪ್ಯಾನಿಷ್‌ನವರು ಪ್ರಶ್ನೆಯ ಮೊದಲೂ ತಲೆಕೆಳಗಾದ ಚಿಹ್ನೆಯೊಂದನ್ನು ಇಟ್ಟು, ಓದುವವನು ದನಿಯನ್ನು ಮುಂಚೆಯೇ ಸಿದ್ಧಮಾಡಿಕೊಳ್ಳುವಂತೆ ಮಾಡುತ್ತಾರೆ. ಪ್ರತಿ ಭಾಷೆಯೂ ತನ್ನ ಉಸಿರಿಗೆ ತಕ್ಕ ಏರ್ಪಾಟು ಮಾಡಿಕೊಂಡಿರುವಾಗ ನಾವು ಮಾತ್ರ ಇಂಗ್ಲಿಷಿನ ಎಣಿಕೆಯಂತೆ ಚಿಹ್ನೆ ಜಮಾಯಿಸಬೇಕಾದ ಅಗತ್ಯವಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ಯಕ್ಷಗಾನದ ತಾಳಮದ್ದಳೆಯ ಮೂಲಕ ಹೇಳಿದರೆ ಬೇಗ ತಿಳಿದೀತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತು ಪಾತ್ರದ ಮಾತಾಡುವ ಅರ್ಥಧಾರಿಯು ಎಲ್ಲಿ ನಿಲ್ಲಿಸುತ್ತಾನೆ, ಎಲ್ಲಿ ಎದುರಾಳಿಯ ಮಾತನ್ನು ತುಂಡರಿಸುತ್ತಾನೆ, ಯಾವ ಪದವನ್ನು ಎಳೆಯುತ್ತಾನೆ ಎಂಬುದರಲ್ಲೇ ಇಡೀ ಪ್ರಸಂಗ ನಿಲ್ಲುತ್ತದೆ. ಕಾಮಿಕ್ಸ್ ಇದಕ್ಕೆ ನೇರ ತಿರುವುಮುರುವು: ವೇಷವೂ ಉಂಟು, ಕುಣಿತವೂ ಉಂಟು, ದನಿ ಮಾತ್ರ ಇಲ್ಲ. ಕಾದಂಬರಿಕಾರನಿಗಾದರೆ "ಎಂದು ಅವನು ತಡವರಿಸಿದ", "ಎಂದು ಅವಳು ಗದರಿದಳು" ಎಂದು ಬರೆಯಲು ಜಾಗವಿದೆ. ಚಿತ್ರಕಥೆಯ ಗುಳ್ಳೆಯಲ್ಲಿ ಅಂಥ ವಿವರಣೆಗೆ ಎಡೆಯಿಲ್ಲ. ಮೂರು ಚುಕ್ಕಿಯೂ ಒಂದು ಅಡ್ಡಗೆರೆಯೂ ಆ ಕೆಲಸವನ್ನೆಲ್ಲ ಹೊರಬೇಕು.

ಕನ್ನಡದಲ್ಲಿ ಈ ಹೊರೆಯ ಅರ್ಧಭಾಗವನ್ನು ಪದದ ಕೊನೆಯ ಸ್ವರವೇ ಹೊರುತ್ತದೆ ಎಂಬುದನ್ನು ಅನುವಾದಕರು ಮರೆಯಬಾರದು. "ಬಂದನಾ" ಎಂದರೆ ಪ್ರಶ್ನೆ, "ಬಂದನೋ" ಎಂದರೆ ಸಂಶಯ, "ಅವನೇ ಬಂದ" ಎಂದರೆ ಅವಧಾರಣೆ. ಚಿಹ್ನೆಯನ್ನು ಅಳಿಸಿದರೂ ಇವು ತಮ್ಮ ಅರ್ಥವನ್ನು ಬಿಟ್ಟುಕೊಡುವುದಿಲ್ಲ. ಆದರೆ ಮಾತಿನಲ್ಲಿ "ಊಟ ಆಯ್ತಾ" ಎಂದು ಕೇಳುವ ಹಾಗೆಯೇ "ಊಟ ಆಯ್ತು?" ಎಂದು ದನಿ ಏರಿಸಿಯೂ ಕೇಳುವುದುಂಟು. ಅಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದೇ ಆಧಾರ. ಅದು ಬಿಟ್ಟುಹೋದರೆ ಕೇಳಿದವನೇ ಉತ್ತರವನ್ನೂ ಕೊಟ್ಟಂತಾಗುತ್ತದೆ. ಬೇಕಾದ ಕಡೆ ಇಲ್ಲದ ಈ ಚಿಹ್ನೆ ಬೇಡದ ಕಡೆ ಹೇರಳವಾಗಿ ಸಿಗುತ್ತದೆ. "ಅವನು ಯಾಕೆ ಬಂದನೋ ಗೊತ್ತಿಲ್ಲ?" ಎಂದು ಕಳೆದ ತಿಂಗಳ ಕಂತಿನಲ್ಲಿ ಅಚ್ಚಾಗಿತ್ತು. "ಯಾಕೆ" ಎಂಬ ಪದ ಕಂಡ ಕೂಡಲೇ ಬೆರಳು ತಾನಾಗಿ ಚಿಹ್ನೆ ಒತ್ತಿರಬೇಕು. ವಾಕ್ಯ ಮಾತ್ರ ಪ್ರಶ್ನೆಯಲ್ಲ. ಇನ್ನು ಬೆರಗು ಬೆರೆತ ಪ್ರಶ್ನೆಗೆ ಒಂದು ಗುಳ್ಳೆಯಲ್ಲಿ ಆಶ್ಚರ್ಯಸೂಚಕ ಮೊದಲು, ಇನ್ನೊಂದರಲ್ಲಿ ಪ್ರಶ್ನಾರ್ಥಕ ಮೊದಲು, ಮತ್ತೊಂದರಲ್ಲಿ ಎರಡೆರಡು ಸಲ. ಪ್ರಶ್ನೆ ಮೊದಲು, ಬೆರಗು ಆಮೇಲೆ, ಒಂದೊಂದೇ ಸಲ ಎಂದು ಒಮ್ಮೆ ಗೊತ್ತುಮಾಡಿಕೊಂಡರೆ ಈ ಗೊಂದಲ ಅಲ್ಲಿಗೆ ಮುಗಿಯಿತು.

ಕರೆಯುವ, ಕೂಗುವ, ಅಳುವ ಮಾತುಗಳ ವಿಷಯದಲ್ಲಿ ನಮಗೆ ಯಾರ ಸಾಲವೂ ಬೇಡ. ಹ್ರಸ್ವ, ದೀರ್ಘಗಳ ಆಚೆಗೆ ಮೂರು ಮಾತ್ರೆಯ ಪ್ಲುತ ಎಂಬ ಸ್ವರವನ್ನು ನಾವೆಲ್ಲ ಶಾಲೆಯಲ್ಲಿ ಕಲಿತವರು. "ಅಮ್ಮಾ೩" ಎಂದು ಪಕ್ಕದಲ್ಲಿ ಮೂರರ ಅಂಕಿ ಬರೆದು ವ್ಯಾಕರಣ ಪುಸ್ತಕಗಳು ಅದನ್ನು ತೋರಿಸುತ್ತವೆ. ದೂರದಿಂದ ಕರೆಯುವಾಗ ವಾಕ್ಯದ ಕೊನೆಯ ಸ್ವರವು ಪ್ಲುತವಾಗುತ್ತದೆ ಎಂದು ಪಾಣಿನಿಯು ಸೂತ್ರವನ್ನೇ ಮಾಡಿದ್ದಾನೆ. ಗುಳ್ಳೆಯೊಳಗೆ ಅಂಕಿ ಬರೆದರೆ ಮಕ್ಕಳು "ಅಮ್ಮಾ ಮೂರು" ಎಂದು ಓದಿಯಾರು, ಅದು ನಿಜ. ಆದರೆ ಅವಗ್ರಹ ಚಿಹ್ನೆ ನಮ್ಮ ಕೀಲಿಮಣೆಯಲ್ಲೇ ಇದೆ. "ಅಮ್ಮಾಽಽ" ಎಂದು ಬರೆದರೆ ದನಿ ಎಳೆಯಬೇಕೆಂಬುದು ಕಣ್ಣಿಗೇ ತಿಳಿಯುತ್ತದೆ, ಆಶ್ಚರ್ಯಸೂಚಕಗಳ ಸಾಲು ಬೇಕಾಗುವುದಿಲ್ಲ. ಈಗ ನಡೆಯುತ್ತಿರುವುದೇನೆಂದರೆ, ಇಂಗ್ಲಿಷಿನಲ್ಲಿ ಒಂದೇ ಅಕ್ಷರವನ್ನು ಹತ್ತು ಸಲ ಒತ್ತಿದಂತೆ ಇಲ್ಲಿ ದೀರ್ಘದ ಚಿಹ್ನೆಯನ್ನು ಹತ್ತು ಸಲ ಒತ್ತುತ್ತಾರೆ. ಅಕ್ಷರಕ್ಕೆ ಅಂಟಿಕೊಳ್ಳಲಾಗದ ಆ ಚಿಹ್ನೆಗಳು ಚುಕ್ಕಿಚುಕ್ಕಿಯ ವೃತ್ತಗಳಾಗಿ ಗುಳ್ಳೆಯ ತುಂಬ ಚೆಲ್ಲುತ್ತವೆ. ಅದನ್ನು ಓದುವ ಬಗೆ ಯಾವ ಮಗುವಿಗೂ ಗೊತ್ತಿಲ್ಲ, ನನಗೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ತುಂಡಾದ ಮಾತು. ಪಾತ್ರವು ತಾನಾಗಿ ತಡೆದು ಮಾತು ಕರಗಿದರೆ ಮೂರು ಚುಕ್ಕಿ, ಬೇರೆಯವರು ಅಥವಾ ಯಾವುದೋ ಅನಾಹುತ ಮಾತನ್ನು ಕತ್ತರಿಸಿದರೆ ಅಡ್ಡಗೆರೆ. ಕಾಮಿಕ್ಸಿನ ಈ ಭೇದ ನಮಗೂ ಒಪ್ಪುವಂಥದ್ದು. ಇಂಗ್ಲಿಷಿನವರು ಅಡ್ಡಗೆರೆಯನ್ನು ಎರಡು ಚಿಕ್ಕ ಗೆರೆಗಳಾಗಿ ಬರೆಯುತ್ತಾರೆ, ನಾವು ಒಂದೇ ಉದ್ದ ಗೆರೆ ಬರೆಯಬಹುದು, ಅದು ಅಷ್ಟು ಮುಖ್ಯವಲ್ಲ. ಮುಖ್ಯವಾದದ್ದು ಗೆರೆ ಬೀಳುವ ಜಾಗ. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲೇ ಬಂದುಬಿಡುವುದರಿಂದ, ಮಾತು ನಡುವೆ ಕಡಿದರೆ ಕಳೆದುಹೋಗುವುದು ಯಾವ ವಸ್ತು ಎಂಬ ಅಂಶ. ಕನ್ನಡದಲ್ಲಿ ವಸ್ತು ಮೊದಲು, ಕ್ರಿಯೆ ಕೊನೆಗೆ, ನಿಷೇಧವಂತೂ ಕಟ್ಟಕಡೆಗೆ. ಮೇಲೆ ಹೇಳಿದ ಧಾರಾವಾಹಿಯಲ್ಲೇ ಮುದುಕ ಎಚ್ಚರಿಸುತ್ತಿರುವಾಗ ಗುಂಡು ಹಾರುವ ಚೌಕಟ್ಟಿನಲ್ಲಿ "ಆ ಪೆಟ್ಟಿಗೆಯನ್ನು ತೆರೆಯಬೇಡ--!" ಎಂದು ಅಚ್ಚಾಗಿತ್ತು. ಹೇಳಬೇಕಾದದ್ದೆಲ್ಲ ಹೇಳಿ ಮುಗಿದಿದೆ. ಗುಂಡಿಗೆ ಕತ್ತರಿಸಲು ಏನೂ ಉಳಿದಿಲ್ಲ, ಗೆರೆ ಮಾತ್ರ ಅನಾಥವಾಗಿ ನಿಂತಿದೆ. ಅದನ್ನೇ "ಆ ಪೆಟ್ಟಿಗೆ ತೆರೆಯ—" ಎಂದು ಕಡಿದಿದ್ದರೆ ಅವನು ತೆರೆಯಬೇಡ ಎನ್ನುತ್ತಿದ್ದನೋ ತೆರೆಯಬೇಕು ಎನ್ನುತ್ತಿದ್ದನೋ ಎಂದು ಹುಡುಗನೂ ಓದುಗನೂ ಮುಂದಿನ ವಾರದವರೆಗೆ ತಲೆ ಕೆರೆದುಕೊಳ್ಳುತ್ತಿದ್ದರು. ಇಂಗ್ಲಿಷ್ ಮೂಲದಲ್ಲೂ ಸಿಗದ ಕುತೂಹಲ ಅದು! ಕಥೆಗೆ ನಿಷೇಧ ಸ್ಪಷ್ಟವಾಗಿ ಕೇಳಲೇಬೇಕು ಎಂದಾದರೆ, ಗಾಬರಿಯಾದ ಕನ್ನಡಿಗ ಹೇಗೆ ಹೇಳುತ್ತಾನೋ ಹಾಗೆ, "ಬೇಡ ಬೇಡ, ಆ ಪೆಟ್ಟಿಗೆ—" ಎಂದು ಬರೆಯಬಹುದಿತ್ತು. ಎರಡರಲ್ಲಿ ಯಾವುದು ಎಂಬುದನ್ನು ಕಥೆ ನೋಡಿ ಅನುವಾದಕರು ತೀರ್ಮಾನಿಸಲಿ. ವಾಕ್ಯವನ್ನು ಪೂರ್ತಿಮಾಡಿ ಆಮೇಲೆ ಗೆರೆ ಎಳೆಯುವುದು ಮಾತ್ರ ಯಾವ ಕಥೆಗೂ ಹೊಂದುವುದಿಲ್ಲ.

ಇದೇ ಗೆರೆಯ ಇನ್ನೊಂದು ತೊಂದರೆ ಇಕ್ಕಟ್ಟಿನ ಗುಳ್ಳೆಗಳಲ್ಲಿ. ನಮ್ಮ ಪದಗಳು ಪ್ರತ್ಯಯ ಸೇರಿ ಸೇರಿ ಉದ್ದವಾಗುತ್ತವೆ. "ಹೇಳಬೇಕಾಗಿತ್ತು" ಎಂಬುದನ್ನು ಸಾಲಿಗೆ ಹಿಡಿಯಲಾರದೆ "ಹೇಳಬೇಕಾ-" ಎಂದು ಮುರಿದು, ಮುಂದಿನ ಸಾಲಿನಲ್ಲಿ "ಗಿತ್ತು" ಹಾಕುತ್ತಾರೆ. ಪತ್ರಿಕೆಯ ಅಂಕಣದಲ್ಲಿ ಅದು ಸರಿ, ಅಲ್ಲಿ ಯಾರೂ ಮಾತಾಡುತ್ತಿಲ್ಲ. ಗುಳ್ಳೆಯಲ್ಲಿ ಹೀಗೆ ಮುರಿದರೆ ಪಾತ್ರ ತೊದಲಿತೋ, ಯಾರಾದರೂ ಬಾಯಿ ಮುಚ್ಚಿದರೋ ಎಂದು ಓದುವವರು ಕ್ಷಣ ನಿಲ್ಲುತ್ತಾರೆ. ತೊದಲನ್ನು ತೋರಿಸಲು "ನ-ನ-ನನಗೆ" ಎಂದು ಇದೇ ಗಿಡ್ಡ ಗೆರೆಯನ್ನು ಬಳಸುವುದರಿಂದ, ಗುಳ್ಳೆಯೊಳಗೆ ಸಾಲು ಮುರಿಯಲು ಅದನ್ನು ಬಳಸದಿರುವುದೇ ಮೇಲು. ಪದ ಹಿಡಿಯದಿದ್ದರೆ ಪದ ಬದಲಿಸಬೇಕು, "ಹೇಳ್ಬೇಕಿತ್ತು" ಎನ್ನಬೇಕು. ಆಡುಮಾತಿಗೆ ಅದು ಇನ್ನೂ ಹತ್ತಿರ.

ಚುಕ್ಕಿಗಳ ವಿಷಯ ಬೇರೆ. ಉದ್ದ ಮಾತನ್ನು ಎರಡು ಗುಳ್ಳೆಗಳಿಗೆ ಹಂಚಿದಾಗ ಇಂಗ್ಲಿಷಿನಲ್ಲಿ ಮೊದಲನೆಯದರ ಕೊನೆಗೂ ಎರಡನೆಯದರ ತಲೆಗೂ ಮೂರು ಮೂರು ಚುಕ್ಕಿ ಇಡುವುದುಂಟು. ನಮ್ಮಲ್ಲಿ "ಕೆಳಗೆ ಇಳಿದು, ಬಾಗಿಲು ದಾಟಿ" ಎಂದು ಗುಳ್ಳೆ ಮುಗಿದರೆ ಮಾತು ಮುಗಿದಿಲ್ಲವೆಂದು ಕೃದಂತಾವ್ಯಯವೇ ಸಾರುತ್ತದೆ. ಒಂದು ಅಲ್ಪವಿರಾಮ ಸಾಕು. ಚುಕ್ಕಿಯನ್ನು ಹಿಂಜರಿಕೆಗೆ, ಹೇಳಲಾಗದ್ದಕ್ಕೆ, ನಿಟ್ಟುಸಿರಿಗೆ ಮೀಸಲಿಟ್ಟರೆ ಅದರ ಬೆಲೆ ಉಳಿಯುತ್ತದೆ. ಎರಡು, ಐದು, ಏಳು ಚುಕ್ಕಿಗಳನ್ನು ಮನಸ್ಸು ಬಂದಂತೆ ಹಾಕುವುದು ವಾಟ್ಸ್ಆ್ಯಪ್‌ನಲ್ಲಿ ನಡೆಯಲಿ. ಪತ್ರಿಕೆಯಲ್ಲಿ ಮೂರೇ ಇರಲಿ.

ದಪ್ಪಕ್ಷರದ ಬಗ್ಗೆಯೂ ಒಂದು ಮಾತು. ಮೂಲದಲ್ಲಿ "ನಾನು" ಎಂಬರ್ಥದ ಪದ ದಪ್ಪವಾಗಿದೆ ಎಂದು ಕನ್ನಡದಲ್ಲೂ "ನಾನು ಅದನ್ನು ಮಾಡಿದೆ" ಎಂದು ಅಚ್ಚು ಹಾಕುತ್ತಾರೆ. ಕನ್ನಡಿಗರು ಹಾಗೆ ಒತ್ತಿ ಹೇಳುವುದಿಲ್ಲ, "ಅದನ್ನು ಮಾಡಿದ್ದು ನಾನೇ" ಎನ್ನುತ್ತಾರೆ. ಪ್ರತ್ಯಯವೂ ಪದಗಳ ಜಾಗವೂ ಒತ್ತನ್ನು ಕೊಟ್ಟ ಮೇಲೆ ಮಸಿ ಹೆಚ್ಚು ಖರ್ಚು ಮಾಡುವುದೇಕೆ? ಸಣ್ಣ ಗಾತ್ರದಲ್ಲಿ ನಮ್ಮ ದುಂಡಕ್ಷರಗಳನ್ನು ದಪ್ಪ ಮಾಡಿದರೆ ಒಳಗಿನ ಬಿಳಿ ಮುಚ್ಚಿಹೋಗುತ್ತದೆ, ಕಂಪ್ಯೂಟರಿನಲ್ಲಿ ಬಲಕ್ಕೆ ವಾಲಿಸಿದರೆ ಅಕ್ಷರಗಳು ಬೀಳುವ ಹಾಗೆ ಕಾಣುತ್ತವೆ. ನಿಜವಾದ ಕೂಗಿಗೆ ಇಡೀ ಮಾತಿನ ಗಾತ್ರವನ್ನೇ ಹಿಗ್ಗಿಸುವುದು ನಮ್ಮ ಲಿಪಿಗೆ ಒಪ್ಪುತ್ತದೆ.

ಗುಳ್ಳೆಯೊಳಗಿನ ಮಾತಿಗೆ ಸುತ್ತಲೂ ಉದ್ಧರಣ ಚಿಹ್ನೆ ಹಾಕುವುದನ್ನು ದಯವಿಟ್ಟು ನಿಲ್ಲಿಸಬೇಕು. ಗುಳ್ಳೆಯೂ ಅದರ ಬಾಲವೂ ಇದು ಇಂಥವರ ಮಾತು ಎಂದು ತೋರಿಸಿಯೇ ಆಗಿದೆ. ಮಾತಾಡುವವರು ಕಾಣದೆ ಅವರ ಮಾತು ನಿರೂಪಣೆಯ ಚೌಕದಲ್ಲಿ ಬಂದಾಗ ಮಾತ್ರ ಉದ್ಧರಣೆ ಬೇಕು. ಅಲ್ಲಿಯೇ ತಮ್ಮಲ್ಲಿ ಅದು ಇರುವುದಿಲ್ಲ, ಆದ್ದರಿಂದ ನಿರೂಪಕನ ಮಾತು ಯಾವುದು, ಪಾತ್ರದ್ದು ಯಾವುದು ಎಂದು ತಿಳಿಯದೆ ಮಕ್ಕಳು ಜಗಳಾಡುತ್ತಾರೆ. ವಿಸರ್ಗದ ಜಾಗಕ್ಕೆ ವಿವರಣ ಚಿಹ್ನೆ ಒತ್ತಿ "ದುಃಖ"ವನ್ನು ಎರಡು ತುಂಡು ಮಾಡುವ ಅಭ್ಯಾಸ ಪತ್ರಿಕೆಯ ಬೇರೆ ಪುಟಗಳಲ್ಲೂ ಇರುವುದರಿಂದ ಅದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ.

ಪುಟ ಕಟ್ಟುವವರ ಕಷ್ಟವನ್ನೂ ನಾನು ಬಲ್ಲೆ. ಗುಳ್ಳೆಗಳು ಚಿತ್ರದ ಜೊತೆಗೇ ಬರುತ್ತವೆ, ಅವುಗಳ ಅಳತೆ ಇಂಗ್ಲಿಷಿನ ದೊಡ್ಡಕ್ಷರದ ಸಾಲುಗಳಿಗೆ ಹೊಂದಿಸಿದ್ದು. ದೊಡ್ಡಕ್ಷರಗಳು ಗೆರೆಯಿಂದ ಕೆಳಗಿಳಿಯುವುದಿಲ್ಲ. ನಮಗೆ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು, "ಸ್ತ್ರೀ" ಎಂಬಲ್ಲಿ ಒಂದರ ಕೆಳಗೊಂದು. ಸಾಲುಗಳ ನಡುವೆ ಜಾಗ ಬಿಡಲೇಬೇಕು. ಇದಕ್ಕೆ ಈಗ ಕಂಡುಕೊಂಡಿರುವ ದಾರಿ ಅಕ್ಷರವನ್ನು ಕಿರಿದಾಗಿಸುವುದು. ಆಗ ಮೊದಲು ಮಾಯವಾಗುವುದು ಚುಕ್ಕಿಗಳು, ಆ ಭಯಕ್ಕೆ ಮತ್ತೆ ಆಶ್ಚರ್ಯಸೂಚಕ. ಅಕ್ಷರದ ಗಾತ್ರವನ್ನು ಒಂದು ಮಿತಿಗಿಂತ ಇಳಿಸುವುದಿಲ್ಲ ಎಂದು ನಿಶ್ಚಯಿಸಿ, ಮಾತನ್ನು ಕತ್ತರಿಸುವ ಅಧಿಕಾರವನ್ನು ಅನುವಾದಕರಿಗೆ ಕೊಟ್ಟರೆ ಹೆಚ್ಚಿನ ತೊಂದರೆ ತೀರುತ್ತದೆ. ಅದಕ್ಕೆ ಅನುವಾದಕರು ಚಿತ್ರವನ್ನು ನೋಡಿಯೇ ಬರೆಯುವಂತಿರಬೇಕು, ಕೊನೆಯ ಕರಡೂ ಅವರ ಕಣ್ಣಿಗೆ ಬೀಳಬೇಕು. ಮಾತುಗಳ ಪಟ್ಟಿಯೊಂದನ್ನೇ ಕಳುಹಿಸಿ ಅನುವಾದ ತರಿಸಿಕೊಂಡರೆ ಪಿಸುಮಾತಿನ ಗುಳ್ಳೆ ಯಾವುದೆಂದು ಅವರಿಗೆ ಕನಸು ಬೀಳಬೇಕೇ?

ಪುರವಣಿಯ ಕೊನೆಯ ಪುಟದ, ಮಲ್ಪೆಯ ಬಂದರಿನಲ್ಲಿ ನಡೆಯುವ ಸ್ಥಳೀಯ ಚಿತ್ರಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಮೀನು ಮಾರುವ ಹೆಂಗಸು ಆಡುವ ಪ್ರತಿ ತುಳು ಮಾತಿಗೂ ಒಂಟಿ ಉದ್ಧರಣ ಚಿಹ್ನೆ ಹಾಕಿ, ಕೆಳಗೆ ಆವರಣದಲ್ಲಿ ಕನ್ನಡ ಕೊಡುತ್ತಾರೆ. "ಎಂಚ ಉಲ್ಲರ್?", ಅಂದರೆ ಹೇಗಿದ್ದೀರಿ, ಎಂದು ಕೇಳುವವಳ ಬಾಯಲ್ಲಿ ಅದು ಅವಳದೇ ಮಾತು, ಯಾರಿಂದಲೋ ಎರವಲು ತಂದದ್ದಲ್ಲ; ಚಿಹ್ನೆ ಹಾಕಿದ ಕೂಡಲೇ ಅದು ಪ್ರದರ್ಶನಕ್ಕಿಟ್ಟ ವಸ್ತುವಾಗುತ್ತದೆ. ಇಂಥ ಚಿಕ್ಕ ಮಾತುಗಳನ್ನು ಬರಿದೇ ಬಿಟ್ಟರೆ ಘಟ್ಟದ ಮೇಲಿನ ಓದುಗರೂ ಚಿತ್ರ ನೋಡಿ ಅರ್ಥಮಾಡಿಕೊಂಡಾರು. ಉದ್ದ ಸಂಭಾಷಣೆಯಾದರೆ ಬೇರೆ ಕಾಮಿಕ್ಸ್‌ಗಳ ರೂಢಿಯೊಂದನ್ನು ಇಲ್ಲಿ ಧಾರಾಳವಾಗಿ ತರಬಹುದು: ಮಾತನ್ನು ಓದುಗರ ಭಾಷೆಯಲ್ಲೇ ಬರೆದು ಎರಡು ಬದಿಗೂ ಕೋನಾಕಾರದ ಆವರಣ ಹಾಕುವುದು, ಮೊದಲ ಸಲ ಮಾತ್ರ ಒಂದು ನಕ್ಷತ್ರ ಚಿಹ್ನೆ ಇಟ್ಟು ಚೌಕಟ್ಟಿನ ಬುಡದಲ್ಲಿ "ತುಳುವಿನಲ್ಲಿ" ಎಂದೋ "ಕೊಂಕಣಿಯಲ್ಲಿ" ಎಂದೋ ತಿಳಿಸುವುದು. ಒಂದೇ ಬೀದಿಯಲ್ಲಿ ಮೂರು ನಾಲ್ಕು ಭಾಷೆ ಕೇಳುವ ನಮ್ಮ ಊರುಗಳ ಕಥೆ ಬರೆಯುವವರಿಗೆ ಇದರಷ್ಟು ಉಪಕಾರದ ಚಿಹ್ನೆ ಇನ್ನೊಂದಿಲ್ಲ.

ಇದನ್ನೆಲ್ಲ ಬೆಂಗಳೂರಿನ ಯಾವುದೋ ಸಮಿತಿ ಗೊತ್ತುಮಾಡಲಿ ಎಂದು ಕಾಯಬೇಕಾಗಿಲ್ಲ. ಪದಗಳ ನಡುವೆ ಜಾಗ ಬಿಡದೆ, ಪದ್ಯ ಮುಗಿದಲ್ಲಿ ದಂಡ ಎಳೆದು ತಾಳೆಗರಿಯಲ್ಲಿ ಬರೆಯುತ್ತಿದ್ದ ಕನ್ನಡಕ್ಕೆ ಅಲ್ಪವಿರಾಮ, ಪ್ರಶ್ನಾರ್ಥಕಗಳು ಅಚ್ಚಿನೊಂದಿಗೆ ಬಂದವು. ಆ ಅಚ್ಚಿನ ಕೆಲಸ ನಮ್ಮ ಕರಾವಳಿಯಲ್ಲಿ ಮೊದಲೇ ಬೇರೂರಿತ್ತು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದರು, 1843ರ ಜುಲೈ 1ರಂದು ಮೋಗ್ಲಿಂಗ್ ಅವರ "ಮಂಗಳೂರ ಸಮಾಚಾರ" ಕಲ್ಲಚ್ಚಿನಲ್ಲಿ ಹೊರಬಂತು, ಕಿಟೆಲ್ ಅವರ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ಭಾರತದ ಮಕ್ಕಳ ಕೈಗೆ 1967ರಿಂದ ಅಮರ ಚಿತ್ರಕಥೆಯನ್ನೂ 1980ರಿಂದ ಟಿಂಕಲ್ ಅನ್ನೂ ಕೊಟ್ಟ ಅನಂತ ಪೈ ಅವರು ಹುಟ್ಟಿದ್ದು 1929ರಲ್ಲಿ ಇದೇ ಕಾರ್ಕಳದಲ್ಲಿ. ಪತ್ರಿಕೆಯ ಮೇಜಿನ ಮೇಲೆ ಒಂದು ಪುಟದ ನಿಯಮಾವಳಿ ಸಿದ್ಧಪಡಿಸಲು ಇಷ್ಟು ಪರಂಪರೆ ಸಾಕು. ಅದನ್ನು ಅನುವಾದಕರಿಗೂ ಪುಟವಿನ್ಯಾಸದವರಿಗೂ ಹೊರಗಿನ ಕಲಾವಿದರಿಗೂ ಒಂದೇ ರೀತಿ ಹಂಚಬೇಕು, ಪುರವಣಿಯಲ್ಲೂ ಒಮ್ಮೆ ಪ್ರಕಟಿಸಬೇಕು. ಮಕ್ಕಳೇ ತಪ್ಪು ಹುಡುಕಿ ಬರೆದು ಕಳುಹಿಸಿಯಾರು, ಅವರಿಗೆ ಅದರಲ್ಲಿ ಬಹಳ ಉತ್ಸಾಹ.

ನಿಯಮಾವಳಿ ಬರೆಯಲು ಸಮಯ ಬೇಕಾಗಬಹುದು. ಅಲ್ಲಿಯವರೆಗೆ, ಮುಂದಿನ ಭಾನುವಾರದ ಕಂತಿನಿಂದಲೇ ಗುಳ್ಳೆಗಳೊಳಗಿನ ಉದ್ಧರಣ ಚಿಹ್ನೆಗಳನ್ನೂ ಒಂದಕ್ಕಿಂತ ಹೆಚ್ಚಿನ ಆಶ್ಚರ್ಯಸೂಚಕಗಳನ್ನೂ ತೆಗೆಸಬೇಕೆಂದು ಕೋರುತ್ತೇನೆ. ಅದಕ್ಕೆ ಅನುವಾದಕರನ್ನೂ ಕೇಳಬೇಕಾಗಿಲ್ಲ, ಪುಟ ಅಚ್ಚಿಗೆ ಹೋಗುವ ಮುಂಚೆ ಕರಡು ನೋಡುವವರೇ ಮಾಡಬಹುದು.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕಿ
ಕುಂಜಿಬೆಟ್ಟು, ಉಡುಪಿ